ಬೆಂಕಿ ಹೊತ್ತಿಸುವ ಓಮ, ಬೆಂಕಿ ಆರಿಸುವ ಮಾತ್ರೆ: ನಮ್ಮ ಹೊಟ್ಟೆ ಮದ್ದಿನ ಹಿಂದಿನ ಕಥೆ

ನಮ್ಮ ಕಡೆ ಯಾವ ಮನೆಗೆ ಹೋದರೂ ಹೊಟ್ಟೆಗೆ ಎರಡು ಬಗೆಯ ಮದ್ದು ಸಿಗುತ್ತದೆ. ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ಇಂಗು, ಓಮ, ಜೀರಿಗೆ, ಮೆಣಸು, ಒಣಶುಂಠಿ. ಟಿವಿ ಪಕ್ಕದಲ್ಲೋ ಗೋಡೆ ಮೊಳೆಗೆ ಸಿಕ್ಕಿಸಿದ ಕವರಿನಲ್ಲೋ ಒಂದು ಶೀಟು ಗ್ಯಾಸ್ ಮಾತ್ರೆ. ಉಂಡ ಮೇಲೆ ಹೊಟ್ಟೆ ಉಬ್ಬರಿಸಿದರೆ ಅಜ್ಜಿ ಚಿಟಿಕೆ ಓಮ ಉಪ್ಪು ಸೇರಿಸಿ ಅಗಿಯುತ್ತಾರೆ. ಮಗ ಮಾತ್ರೆ ನುಂಗುತ್ತಾನೆ. ಎಷ್ಟೋ ಸಲ ಒಬ್ಬರೇ ಎರಡನ್ನೂ ತೆಗೆದುಕೊಳ್ಳುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ಅಜ್ಜಿಯ ಓಮ ಬಂದದ್ದು ಹೊಟ್ಟೆಯೊಳಗಿನ ಬೆಂಕಿ ಮಂದವಾಗಿದೆ, ಅದನ್ನು ಜೋರು ಮಾಡಬೇಕು ಎನ್ನುವ ಲೆಕ್ಕದಿಂದ. ಮಗನ ಮಾತ್ರೆ ಬಂದದ್ದು ಹೊಟ್ಟೆಯೊಳಗಿನ ಉರಿ ಜಾಸ್ತಿಯಾಗಿದೆ, ಅದನ್ನು ಇಳಿಸಬೇಕು ಎನ್ನುವ ಲೆಕ್ಕದಿಂದ. ಒಂದೇ ಹೊಟ್ಟೆಗೆ ಒಬ್ಬರು ಸೌದೆ ಒಟ್ಟುತ್ತಿದ್ದಾರೆ, ಇನ್ನೊಬ್ಬರು ನೀರು ಸುರಿಯುತ್ತಿದ್ದಾರೆ. ಈ ಎರಡು ಲೆಕ್ಕಗಳು ಎಲ್ಲಿಂದ ಬಂದವು, ಒಂದೇ ಮನೆಯಲ್ಲಿ ಹೇಗೆ ಸೇರಿಕೊಂಡವು ಎಂದು ನೋಡೋಣ ಅನ್ನಿಸಿತು.

ಅನ್ನಿಸಲು ಇನ್ನೊಂದು ಕಾರಣವೂ ಇದೆ. ಸುದ್ದಿಗಾಗಿ ಊರೂರು ತಿರುಗುವಾಗ, ಐವತ್ತು ದಾಟದವರ ಸಾವಿನ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ ಮಾತೊಂದಿದೆ: "ರಾತ್ರಿ ಎದೆ ಹಿಡ್ಕೊಂಡಂಗೆ ಆಗ್ತದೆ ಅಂದ್ರು, ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ಕೊಟ್ವಿ." ಆ ವಿಷಯಕ್ಕೆ ಆಮೇಲೆ ಬರುತ್ತೇವೆ. ಮೊದಲು ಬೆಂಕಿಯ ಕಥೆ.

ಆಯುರ್ವೇದದವರು ಜೀರ್ಣವಾಗುವುದನ್ನು ಬೇಯಿಸುವ ಕೆಲಸದಂತೆ ನೋಡಿದರು. ಹೊಟ್ಟೆಯಲ್ಲಿ ಜಠರಾಗ್ನಿ ಇದೆ, ಉಂಡದ್ದು ಅದರಲ್ಲಿ ಪಾಕವಾಗುತ್ತದೆ. ಈ ಅಗ್ನಿಯಲ್ಲಿ ಅವರು ನಾಲ್ಕು ಬಗೆ ಹೇಳಿದರು: ಸಮ, ವಿಷಮ, ತೀಕ್ಷ್ಣ, ಮಂದ. ಅಜೀರ್ಣ ಎಂದರೆ ಹೆಚ್ಚಾಗಿ ಅಗ್ನಿ ಮಂದವಾದದ್ದು. ಒಲೆ ಸರಿಯಾಗಿ ಉರಿಯದಿದ್ದರೆ ಅನ್ನ ಅರೆಬೆಂದು ಕೂರುತ್ತದಲ್ಲ, ಹಾಗೆ. ಅದಕ್ಕೆ ಶುಂಠಿ, ಮೆಣಸು, ಹಿಪ್ಪಲಿ ಮೂರೂ ಸೇರಿದ ತ್ರಿಕಟು. ಅದಕ್ಕೇ ಓಮದ ಜಾತಿಯ ಅಜಮೋದ, ಸೈಂಧವ ಉಪ್ಪು, ಎರಡು ಬಗೆಯ ಜೀರಿಗೆ, ಇಂಗು ಸೇರಿದರೆ ಎಂಟಾಗಿ ಹಿಂಗ್ವಾಷ್ಟಕ ಚೂರ್ಣ. ಇದನ್ನು ತುಪ್ಪದ ಜೊತೆ ಅನ್ನದ ಮೊದಲ ತುತ್ತಿಗೆ ಕಲಸಿ ತಿನ್ನಬೇಕು ಎನ್ನುವುದು ರೂಢಿ. ಇವತ್ತಿಗೂ ಆಯುರ್ವೇದ ಅಂಗಡಿಯಲ್ಲಿ ಇದೇ ಹೆಸರಲ್ಲಿ ಸಿಗುತ್ತದೆ. ಇನ್ನೊಂದು ಮದ್ದು ಲಂಘನ, ಅಂದರೆ ಉಪವಾಸ. ಉರಿಯದ ಒಲೆಗೆ ಮತ್ತೆ ಸೌದೆ ತುರುಕಬೇಡ ಎಂದರ್ಥ. ನಮ್ಮನ್ನು ಕೇಳಿದರೆ, ಮದುವೆಮನೆಯ ಊಟದ ಮಾರನೇ ದಿನಕ್ಕೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಹಳೆಯ ವೈದ್ಯರಿಗೆ ಉರಿ ಹೆಚ್ಚಾಗುವುದು ಗೊತ್ತಿರಲಿಲ್ಲ ಎಂದಲ್ಲ. ತೀಕ್ಷ್ಣಾಗ್ನಿ ಎಂದು ಹೇಳಿದ್ದರು. ಹುಳಿ ತೇಗು, ಎದೆ ಉರಿ, ವಾಂತಿಯ ಲಕ್ಷಣವಿರುವ ಕಾಯಿಲೆಗೆ ಅಮ್ಲಪಿತ್ತ ಎಂಬ ಹೆಸರಿತ್ತು. ಚರಕ, ಸುಶ್ರುತರಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಅವರಿಗಿಂತ ಎಷ್ಟೋ ಕಾಲದ ಮೇಲೆ ಬಂದ ಮಾಧವಕರನ ರೋಗನಿದಾನ ಗ್ರಂಥದಲ್ಲಿ ಇದೆ. ಅಮ್ಲಪಿತ್ತಕ್ಕೆ ಕೊಡುತ್ತಿದ್ದದ್ದು ಶುಂಠಿ ಮೆಣಸಲ್ಲ. ನೆಲ್ಲಿಕಾಯಿ, ತುಪ್ಪ, ಹಾಲಿನಂತಹ ತಂಪಿನ ಪದಾರ್ಥ. ಅಂದರೆ ವೈದ್ಯರು ಎರಡನ್ನೂ ಬೇರೆ ಮಾಡಿ ನೋಡುತ್ತಿದ್ದರು. ಮನೆಮದ್ದಿಗೆ ಬರುವಷ್ಟರಲ್ಲಿ ಆ ವ್ಯತ್ಯಾಸ ಬಿದ್ದುಹೋಗಿ, ಹೊಟ್ಟೆಗೆ ಏನಾದರೂ ಓಮ ಎಂಬಲ್ಲಿಗೆ ಬಂತು.

ಅಡುಗೆ ಮತ್ತು ಔಷಧಿ ಆಗ ಬೇರೆ ಬೇರೆ ಕಪಾಟಿನಲ್ಲಿ ಇರಲಿಲ್ಲ. ಸುಮಾರು 1025ರಲ್ಲಿ, ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಅಂತರ್ಜಲ, ಗಿಡಮರ, ಅಡುಗೆ, ವೈದ್ಯ ಎಲ್ಲವೂ ಒಂದೇ ಪುಸ್ತಕದೊಳಗಿವೆ. ಸಂಸ್ಕೃತ ಬಾರದ ಜನರಿಗೆ ಬದುಕಿಗೆ ಬೇಕಾದದ್ದನ್ನೆಲ್ಲ ಒಂದು ಕಡೆ ಕೊಡುವ ಕೆಲಸ ಅದು.

ಈ ಡಬ್ಬಿಯೊಳಗೆ ದೂರದಿಂದ ಬಂದ ನೆಂಟ ಎಂದರೆ ಇಂಗು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಎಂದು ಗಾದೆ ಮಾಡಿಕೊಂಡ ನಾವು ಆ ಇಂಗಿನ ಗಿಡವನ್ನು ಕಣ್ಣಲ್ಲಿ ನೋಡಿಲ್ಲ. ತೆಂಗು ನಮ್ಮ ಹಿತ್ತಲದ್ದು. ಇಂಗು ಅಫ್ಘಾನಿಸ್ತಾನ, ಇರಾನಿನ ಒಣ ಗುಡ್ಡಗಳದ್ದು. ಫೆರುಲಾ ಎಂಬ ಗಿಡದ ದಪ್ಪ ಬೇರಿನ ತಲೆ ಕೊಯ್ದರೆ ಹಾಲಿನಂಥ ಅಂಟು ಒಸರುತ್ತದೆ. ಅದು ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಗಿಡ ಹೀಗೆ ಕೊಯ್ಲಿಗೆ ಬರಲು ಐದು ವರ್ಷದ ಮಟ್ಟಿಗೆ ಕಾಯಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಇಂಗು ತಿನ್ನುವ ದೇಶ ನಮ್ಮದು, ಆದರೆ ಬೆಳೆದದ್ದು ಸೊನ್ನೆ. ವರ್ಷಕ್ಕೆ ಸುಮಾರು 1200 ಟನ್ ಹೊರಗಿನಿಂದ ತರಿಸುತ್ತಿದ್ದೆವು. 2020ರ ಅಕ್ಟೋಬರಿನಲ್ಲಿ ಹಿಮಾಚಲದ ಪಾಲಂಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಸಿ ನೆಟ್ಟರು. ಅಂದಹಾಗೆ ನಿಮ್ಮ ಮನೆಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಮೈದಾ ಅಥವಾ ಅಕ್ಕಿ ಹಿಟ್ಟು, ಗೋಂದು ಎಂದು ಇರುತ್ತದೆ. ಅಸಲಿ ಇಂಗು ಅಷ್ಟು ಘಾಟು, ಹಾಗೇ ಬಳಸಲಾಗುವುದಿಲ್ಲ ಎಂದು ಬೆರೆಸುತ್ತಾರೆ. ಕೂಸಿನ ಹೊಕ್ಕಳ ಸುತ್ತ ಹಚ್ಚುವ ಇಂಗಿನಲ್ಲೂ ಅರ್ಧಕ್ಕಿಂತ ಹೆಚ್ಚು ಹಿಟ್ಟೇ ಇರಬಹುದು.

ಓಮದ ಕಥೆ ಉಲ್ಟಾ. ಅದು ಇಲ್ಲಿಂದ ಹೊರಗೆ ಹೋಯಿತು. ಓಮವನ್ನು ಅಂಗೈಯಲ್ಲಿ ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ ಥೈಮಾಲ್ ಎಂಬ ವಸ್ತುವಿನದು. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಮ ಹಡಗಿನಲ್ಲಿ ಜರ್ಮನಿಗೆ ಹೋಗುತ್ತಿತ್ತು, ಅಲ್ಲಿ ಥೈಮಾಲ್ ತೆಗೆಯುತ್ತಿದ್ದರು. ಗಾಯ ತೊಳೆಯಲು, ಹೊಟ್ಟೆಯ ಕೊಕ್ಕೆಹುಳು ಬೀಳಿಸಲು ಆಗಿನ ದೊಡ್ಡ ಔಷಧಿ ಅದು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಯ ದಾರಿ ಮುಚ್ಚಿದಾಗ ಥೈಮಾಲಿಗೆ ಬರ ಬಂತು. ಆಮೇಲೆ ಇಲ್ಲೇ ಓಮದಿಂದ ತೆಗೆಯುವ ಪ್ರಯತ್ನಗಳಾದವು. ಅಜ್ಜಿಯ ಓಮಕ್ಕೆ ಹೀಗೆ ಲೋಕಯುದ್ಧದ ಚರಿತ್ರೆಯಲ್ಲೂ ಒಂದು ಸಾಲು ಇದೆ.

ಇನ್ನು ಮಾತ್ರೆಯ ಕಡೆಯ ಕಥೆ. ಅದು ಯುರೋಪಿನಲ್ಲಿ ಶುರುವಾಗುತ್ತದೆ.

ನಾವು ದಿನಕ್ಕೆ ಹತ್ತು ಸಲ ಹೇಳುವ 'ಗ್ಯಾಸ್' ಎಂಬ ಪದವನ್ನೇ ಒಬ್ಬ ಮನುಷ್ಯ ಹುಟ್ಟಿಸಿದ. ಬ್ರಸೆಲ್ಸ್ ಕಡೆಯ ವೈದ್ಯ ವಾನ್ ಹೆಲ್ಮಾಂಟ್. 1600ರ ದಶಕಗಳಲ್ಲಿ ಇದ್ದವನು. ಇದ್ದಿಲು ಸುಟ್ಟಾಗ, ದ್ರಾಕ್ಷಿರಸ ಹುದುಗಿದಾಗ ಬರುವ ಕಣ್ಣಿಗೆ ಕಾಣದ ಆವಿಗೆ ಹೆಸರಿರಲಿಲ್ಲ. ಗ್ರೀಕರ 'ಖೇಯಾಸ್' ಎಂಬ ಪದದಿಂದ, ಅಂದರೆ ಅಂಕೆಯಿಲ್ಲದ ಗೊಂದಲ ಎನ್ನುವ ಅರ್ಥದ ಪದದಿಂದ, ಗ್ಯಾಸ್ ಎಂದು ಕರೆದ. ಹೊಟ್ಟೆಯಲ್ಲಿ ಅನ್ನ ಕರಗಲು ಬರೀ ಬಿಸಿ ಸಾಲದು, ಅಲ್ಲೊಂದು ಹುಳಿ ಇದೆ ಎಂದು ಹೇಳಿದ್ದೂ ಅವನೇ. ಆ ಹುಳಿ ಯಾವುದು ಎಂದು ತೋರಿಸಿದ್ದು 1823ರಲ್ಲಿ ಲಂಡನ್ನಿನ ವಿಲಿಯಂ ಪ್ರೌಟ್. ಹೈಡ್ರೋಕ್ಲೋರಿಕ್ ಆಮ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಹೆದರುವಂಥ ಆಸಿಡ್ಡು ನಮ್ಮ ಹೊಟ್ಟೆಯೊಳಗೇ ತಯಾರಾಗುತ್ತದೆ ಎಂದಾಗ ಜನ ನಂಬಲಿಲ್ಲ.

ನಂಬುವಂತೆ ಮಾಡಿದ್ದು ಒಬ್ಬ ಕೂಲಿಯವನ ಹೊಟ್ಟೆ. 1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ಚರ್ಮ ವ್ಯಾಪಾರದ ಕಂಪನಿಯ ಅಂಗಡಿ. ಯಾರದೋ ಕೈಲಿದ್ದ ಕೋವಿ ಹಾರಿತು. ಒಂದು ಮಾರು ದೂರವೂ ಇಲ್ಲದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನ ಪಕ್ಕೆಗೆ ಬಡಿದು ಹೊಟ್ಟೆ ತೂತಾಯಿತು. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಇವನು ಬದುಕುವುದಿಲ್ಲ ಎಂದುಕೊಂಡೇ ಚಿಕಿತ್ಸೆ ಕೊಟ್ಟ. ಹುಡುಗ ಬದುಕಿದ. ಆದರೆ ತೂತು ಮುಚ್ಚಲಿಲ್ಲ. ಹೊಟ್ಟೆಯ ಅಂಚು ಚರ್ಮಕ್ಕೆ ಅಂಟಿ ಹೊರಗಿನಿಂದ ಒಳಗೆ ನೋಡುವ ಕಿಟಕಿಯಂತೆ ಉಳಿಯಿತು.

ಕೆಲಸ ಕಳೆದುಕೊಂಡ ಆತನನ್ನು ಬ್ಯೂಮಾಂಟ್ ಮನೆಯಲ್ಲೇ ಇಟ್ಟುಕೊಂಡ. ಸೌದೆ ಒಡೆಯುವುದು ಮುಂತಾದ ಮನೆಗೆಲಸದ ಜೊತೆಗೆ ಇನ್ನೊಂದು ಕೆಲಸ: ಪ್ರಯೋಗಕ್ಕೆ ಮಲಗುವುದು. 1825ರಿಂದ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ತುಂಡು, ಒಣ ಬ್ರೆಡ್ಡು, ಎಲೆಕೋಸು ಕಟ್ಟಿ ತೂತಿನಿಂದ ಇಳಿಸುವುದು, ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಎಂದು ನೋಡುವುದು ಮಾಡಿದ. ಹೊಟ್ಟೆಯ ರಸ ಸೀಸೆಗೆ ತೆಗೆದು ಬೆಚ್ಚಗಿಟ್ಟು ಮಾಂಸ ಹಾಕಿದರೆ ಅಲ್ಲೂ ಕರಗಿತು. ಬೆಂಕಿ ಬೇಕಿಲ್ಲ, ಮೈ ಬೆಚ್ಚಗಿನ ರಸವೇ ಸಾಕು ಎಂದು ತಿಳಿಯಿತು. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜೀರ್ಣ ಕೆಡುತ್ತದೆ ಎಂದೂ ಬ್ಯೂಮಾಂಟ್ ಬರೆದುಕೊಂಡ. ಸಿಟ್ಟು ಬಾರದೆ ಇರುತ್ತದೆಯೇ? 1833ರಲ್ಲಿ ಪುಸ್ತಕ ಬಂತು, ಬ್ಯೂಮಾಂಟನ ಹೆಸರು ಲೋಕವೆಲ್ಲ ಹರಡಿತು. ಸೇಂಟ್ ಮಾರ್ಟಿನ್ ಬಡವನಾಗಿಯೇ ಉಳಿದ. ವೈದ್ಯ ಸತ್ತು ಇಪ್ಪತ್ತೇಳು ವರ್ಷ ಆದ ಮೇಲೆ, 1880ರಲ್ಲಿ, ಆತ ತೀರಿಕೊಂಡ. ಡಾಕ್ಟರುಗಳು ಹೆಣ ಕೇಳಿಕೊಂಡು ಬಂದಾರು ಎಂದು ಮನೆಯವರು ದೇಹ ಕೊಳೆಯುವವರೆಗೆ ಇಟ್ಟುಕೊಂಡಿದ್ದು ಆಮೇಲೆ ಆಳವಾದ ಗುಂಡಿ ತೆಗೆದು ಹೂತರು. ಇವತ್ತು ನಾವು ನುಂಗುವ ಒಂದೊಂದು ಆಸಿಡಿಟಿ ಮಾತ್ರೆಯ ಹಿಂದೆಯೂ ಈ ಕೂಲಿಯವನ ಹೊಟ್ಟೆ ಇದೆ, ಆದರೆ ಆತನ ಹೆಸರಲ್ಲಿ ಒಂದು ಮಾತ್ರೆಯೂ ಇಲ್ಲ.

ಆಮ್ಲ ಇದೆ ಎಂದು ಗೊತ್ತಾದ ಮೇಲೆ ಅದನ್ನು ಕೊಲ್ಲುವ ಮದ್ದುಗಳು ಬಂದವು. ಸುಲಭದ್ದು ಅಡುಗೆ ಸೋಡಾ. ಆಮ್ಲಕ್ಕೆ ಸೋಡಾ ಸೇರಿದರೆ ಉಪ್ಪು, ನೀರು, ಮತ್ತು ಬುಸ್ಸೆಂದು ಇಂಗಾಲದ ಡೈಆಕ್ಸೈಡ್. ಸೋಡಾಪುಡಿ ಕುಡಿದು ಜೋರಾಗಿ ತೇಗಿ 'ಅಬ್ಬಾ, ಗ್ಯಾಸ್ ಹೋಯ್ತು' ಅನ್ನುತ್ತೇವಲ್ಲ, ಹೋದ ಗ್ಯಾಸಿನಲ್ಲಿ ಬಹುಪಾಲು ಆ ಸೋಡಾ ಒಳಗೆ ಹೋಗಿ ಹುಟ್ಟಿಸಿದ್ದೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಲ್ಲಿ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ಹುದುಗುವ ತೊಟ್ಟಿಯ ಮೇಲೆ ನೀರಿಟ್ಟು ಈ ಗ್ಯಾಸನ್ನು ನೀರಿಗೆ ಸೇರಿಸಿದ. ಅದೇ ಸೋಡಾ ನೀರು. ಅದನ್ನು ಹಿಡಿದಿಡುವ ಗೋಲಿ ಬಾಟಲಿಯನ್ನು 1870ರ ದಶಕದಲ್ಲಿ ಅದೇ ದೇಶದ ಹಿರಾಮ್ ಕಾಡ್ ಎಂಬವನು ಮಾಡಿದ. ಅಲ್ಲಿ ಅದು ಯಾವತ್ತೋ ಮ್ಯೂಸಿಯಂ ಸೇರಿತು. ನಮ್ಮ ಸಂತೆ, ಜಾತ್ರೆ, ಬಸ್ ಸ್ಟ್ಯಾಂಡುಗಳಲ್ಲಿ ನಿಂಬೆಹಣ್ಣು ಉಪ್ಪಿನ ಜೊತೆ ಇನ್ನೂ ಹೊಟ್ಟೆ ಮದ್ದಾಗಿಯೇ ಬಾಳುತ್ತಿದೆ.

ಈನೋ ಪುಡಿಯ ಹೆಸರು ಕೂಡ ಒಬ್ಬ ಮನುಷ್ಯನದು. ಇಂಗ್ಲೆಂಡಿನ ನ್ಯೂಕಾಸಲ್ ಬಂದರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜೇಮ್ಸ್ ಕ್ರಾಸ್ಲಿ ಈನೋ. ಸೋಡಾಪುಡಿಗೆ ಹುಳಿಯ ಪುಡಿ ಸೇರಿಸಿದ 'ಹಣ್ಣಿನ ಉಪ್ಪು' ಹಡಗಿನವರ ಕೈಯಲ್ಲಿ ಊರೂರು ಹೋಯಿತು. ಈಗ ಆ ಪಾಕೀಟಿನ ಹಿಂಭಾಗ ಓದಿದರೆ ಸ್ವರ್ಜಿಕ್ಷಾರ, ನಿಂಬುಕಾಮ್ಲ ಎಂದಿರುತ್ತದೆ. ಸೋಡಾ ಮತ್ತು ಸಿಟ್ರಿಕ್ ಆಮ್ಲಕ್ಕೆ ಇಟ್ಟ ಸಂಸ್ಕೃತ ಹೆಸರು ಅಷ್ಟೇ. ನಮ್ಮ ದೇಶದಲ್ಲಿ ಅದು ಆಯುರ್ವೇದ ಔಷಧಿ ಎಂಬ ಲೈಸೆನ್ಸಿನಲ್ಲಿ ಮಾರಾಟವಾಗುತ್ತದೆ. ಒಂದು ಮಾತು: ಇವುಗಳಲ್ಲಿ ಸೋಡಿಯಂ ಬಹಳ. ಬಿಪಿ ಇರುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಅಭ್ಯಾಸ ಮಾಡಿಕೊಳ್ಳಬಾರದು.

ಸೋಡಾ ತೇಗಿಗೆ ಸಾಕು, ಹುಣ್ಣಿಗೆ ಸಾಲದು. ಜಠರದಲ್ಲಿ, ಅದರ ಮುಂದಿನ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗಿ ರಕ್ತ ಹೋಗುವುದು, ಕರುಳು ತೂತಾಗುವುದು ಇಪ್ಪತ್ತನೇ ಶತಮಾನದ ದೊಡ್ಡ ಕಾಯಿಲೆಗಳಲ್ಲಿ ಒಂದು. ಆಮ್ಲ ಇಲ್ಲದಿದ್ದರೆ ಹುಣ್ಣೂ ಇಲ್ಲ ಎಂಬ ಸೂತ್ರವನ್ನು 1910ರಲ್ಲಿ ವೈದ್ಯರು ಹಿಡಿದರು. ಷಿಕಾಗೋದ ಸಿಪ್ಪಿ ಎಂಬ ವೈದ್ಯ 1915ರಲ್ಲಿ ಗಂಟೆಗೊಮ್ಮೆ ಹಾಲು ಕೆನೆ ಕುಡಿಸುವ ಪಥ್ಯ ಮಾಡಿದ. ಹಾಲು ಕುಡಿದ ಆ ಗಳಿಗೆಗೆ ಹಾಯೆನಿಸಿದರೂ ಆಮೇಲೆ ಹೊಟ್ಟೆ ಇನ್ನಷ್ಟು ಆಮ್ಲ ಸುರಿಸುತ್ತದೆ ಎಂದು ತಿಳಿಯಲು ದಶಕಗಳೇ ಬೇಕಾದವು. ಅದಕ್ಕೂ ಜಗ್ಗದವರಿಗೆ ಆಪರೇಷನ್: ಹೊಟ್ಟೆಯ ಒಂದು ಭಾಗ ತೆಗೆಯುವುದು, ಇಲ್ಲವೇ ಹೊಟ್ಟೆಗೆ ಹೋಗುವ ನರ ಕತ್ತರಿಸುವುದು.

ಈ ಹುಣ್ಣಿನ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಜಾಗ ಇದೆ. ಫ್ರಾಂಕ್ ಟೋವಿ ಎಂಬ ಬ್ರಿಟಿಷ್ ಸರ್ಜನ್ 1950, 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, ಕೆಲಸ ಮಾಡುತ್ತಿದ್ದರು. ಸಣ್ಣಕರುಳಿನ ಹುಣ್ಣಿನ ರೋಗಿಗಳು ದಕ್ಷಿಣ ಭಾರತದಲ್ಲಿ ಇಷ್ಟು ಹೆಚ್ಚು, ಉತ್ತರದ ಗೋಧಿ ಸೀಮೆಯಲ್ಲಿ ಕಡಿಮೆ, ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಇಂಗ್ಲೆಂಡಿಗೆ ವಾಪಸ್ಸಾದ ಮೇಲೂ ದಶಕಗಳ ಕಾಲ ಅದರ ಹಿಂದೆ ಬಿದ್ದರು. ಪಾಲಿಶ್ ಮಾಡಿದ ಅಕ್ಕಿಯೇ ಮುಖ್ಯ ಊಟವಾದ ಸೀಮೆಗಳಲ್ಲಿ ಹುಣ್ಣು ಜಾಸ್ತಿ, ತವುಡು ತೆಗೆಯದ ಗೋಧಿ, ಕೆಲವು ಕಿರುಧಾನ್ಯ, ಬೇಳೆಕಾಳು ತಿನ್ನುವ ಸೀಮೆಗಳಲ್ಲಿ ಕಡಿಮೆ ಎಂಬುದು ಅವರು ಕಂಡದ್ದು. ಅವರ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಹುಣ್ಣಿನಿಂದ ಕಾಪಾಡುವ ಗುಣ ಚೆನ್ನಾಗಿ ಕಂಡದ್ದು ಯಾವುದರಲ್ಲಿ ಗೊತ್ತೆ? ಹುರುಳಿಯಲ್ಲಿ, ಅದರ ಜಿಡ್ಡಿನ ಅಂಶದಲ್ಲಿ. ಇಲಿಯ ಪ್ರಯೋಗ ಮನುಷ್ಯರ ಔಷಧಿ ಅಲ್ಲ, ಹುರುಳಿ ಕಟ್ಟು ಕುಡಿದರೆ ಹುಣ್ಣು ಮಾಯುತ್ತದೆ ಎಂದು ಯಾರೂ ವಾಟ್ಸಾಪಿನಲ್ಲಿ ಹಾಕಬೇಡಿ. ಆದರೂ ದನಕ್ಕೆ ಬೇಯಿಸುವ ಕಾಳು ಎಂದು ನಾವು ದೂರ ಇಟ್ಟದ್ದನ್ನು ಒಬ್ಬ ಸರ್ಜನ್ ಅಷ್ಟು ಗಂಭೀರವಾಗಿ ನೋಡಿದರು ಎಂಬುದು ನಮಗೆ ಖುಷಿ ಕೊಟ್ಟ ಸಂಗತಿ.

ಕತ್ತರಿ ಹಾಕುವ ಕಾಲ ಮುಗಿಸಿದ್ದು ಮಾತ್ರೆ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಜೊತೆಗಾರರು, ಆಮ್ಲ ಸುರಿಸು ಎಂದು ಹೊಟ್ಟೆಗೆ ಹೇಳುವ ಸಂದೇಶವನ್ನೇ ತಡೆಯುವ ಔಷಧಿ ಹುಡುಕಿದರು. 1976ರಲ್ಲಿ ಸಿಮೆಟಿಡಿನ್ ಬಂತು. 1981ರಲ್ಲಿ ಇನ್ನೊಂದು ಕಂಪನಿಯ ರಾನಿಟಿಡಿನ್. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಸ್ವೀಡನ್ನಿನಿಂದ ಒಮೆಪ್ರಜೋಲ್ ಬಂತು. ಇದು ಸಂದೇಶ ತಡೆಯುವುದಲ್ಲ, ಆಮ್ಲ ಪಂಪು ಮಾಡುವ ಮೋಟಾರನ್ನೇ ನಿಲ್ಲಿಸುವುದು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲ ಇದೇ ಮನೆತನದವು. ಶೀಟಿನ ಮೇಲಿನ ಹೆಸರು ಏನೇ ಇರಲಿ, ಕೆಳಗೆ ಸಣ್ಣ ಅಕ್ಷರದಲ್ಲಿ '-ಪ್ರಜೋಲ್' ಎಂದು ಮುಗಿದರೆ ಅದು ಮೋಟಾರು ನಿಲ್ಲಿಸುವ ಮಾತ್ರೆ.

ಇಷ್ಟು ದೊಡ್ಡ ಔಷಧಿ ನಮ್ಮ ಹೋಬಳಿಯ ಮೆಡಿಕಲ್ ಶಾಪಿಗೆ ಕೆಲವೇ ರೂಪಾಯಿಗೆ ಬಂದದ್ದಕ್ಕೂ ಕಾರಣ ಇದೆ. 1970ರ ಪೇಟೆಂಟ್ ಕಾಯ್ದೆ ಔಷಧಿ ವಸ್ತುವಿಗೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿ ಅಗ್ಗಕ್ಕೆ ಮಾರಿದವು. 2005ರಲ್ಲಿ ಕಾಯ್ದೆ ಬದಲಾಗುವ ಹೊತ್ತಿಗೆ ಗ್ಯಾಸ್ ಮಾತ್ರೆ ಮನೆಮಾತಾಗಿತ್ತು. ಬಡವರಿಗೆ ಔಷಧಿ ಎಟುಕಿದ್ದು ಒಳ್ಳೆಯದೇ. ಆದರೆ ಎಷ್ಟು ದಿನ ತಿನ್ನಬೇಕು ಎಂಬ ಮಾತು ಅದರ ಜೊತೆ ಬರಲಿಲ್ಲ.

ಅಷ್ಟರಲ್ಲಿ ಹುಣ್ಣಿನ ಕಾರಣವೇ ಬೇರೆ ಎಂದು ಆಸ್ಟ್ರೇಲಿಯಾದ ಪರ್ತ್ ಊರಿನ ಇಬ್ಬರು ಹೇಳತೊಡಗಿದ್ದರು. ರಾಬಿನ್ ವಾರನ್ 1979ರಲ್ಲಿ ರೋಗಿಗಳ ಹೊಟ್ಟೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಂಡರು. ಅಂಥ ಆಸಿಡ್ಡಿನಲ್ಲಿ ಏನೂ ಬದುಕುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ಎಳೆಯ ವೈದ್ಯ ಬ್ಯಾರಿ ಮಾರ್ಷಲ್ ಜೊತೆಯಾದರು. ಆ ಜೀವಿಯನ್ನು ಲ್ಯಾಬಿನಲ್ಲಿ ಬೆಳೆಸಲು ಎಷ್ಟು ಸಲ ನೋಡಿದರೂ ಆಗಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೇ ಉಳಿದವು, ಬಂದು ನೋಡಿದರೆ ಬೆಳೆದಿತ್ತು. ಅದಕ್ಕೆ ಬೇಕಿದ್ದದ್ದು ಎರಡು ದಿನ ಅಲ್ಲ, ಇನ್ನಷ್ಟು ಹೊತ್ತು. ಆಗಲೂ ದೊಡ್ಡ ವೈದ್ಯರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕಲಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಕ್ಕೆ ವಾಂತಿ, ಬಾಯಿ ವಾಸನೆ. ಕ್ಯಾಮೆರಾ ನಳಿಕೆ ಇಳಿಸಿ ನೋಡಿದರೆ ಹೊಟ್ಟೆಯ ಒಳಪದರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್.

ಎಚ್. ಪೈಲೋರಿ ಎಂಬ ಈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡವರ ಹೊಟ್ಟೆಯಲ್ಲಿದೆ ಎಂದು ಅಂದಾಜು. ಬಹುತೇಕರಿಗೆ ಏನೂ ಮಾಡುವುದಿಲ್ಲ, ಕೆಲವರಿಗೆ ಹುಣ್ಣು, ಇನ್ನೂ ಕೆಲವರಿಗೆ ಹೊಟ್ಟೆಯ ಕ್ಯಾನ್ಸರಿಗೂ ದಾರಿ. ಇದರಿಂದಾದ ಹುಣ್ಣಿಗೆ ಎರಡು ವಾರದಷ್ಟು ಕಾಲ ಆಂಟಿಬಯಾಟಿಕ್ ಮತ್ತು ಆಮ್ಲ ಇಳಿಸುವ ಮಾತ್ರೆ ಒಟ್ಟಿಗೆ ಕೊಟ್ಟರೆ ಬಹಳಷ್ಟು ಜನರಿಗೆ ಗುಣವಾಗುತ್ತದೆ. ಖಾರ ತಿಂದು ಹುಣ್ಣಾಯಿತು, ಚಿಂತೆ ಮಾಡಿ ಹುಣ್ಣಾಯಿತು ಎಂದು ಜೀವನವಿಡೀ ಬೈಸಿಕೊಂಡವರಿಗೆ ಬೇಕಾಗಿದ್ದದ್ದು ಇಷ್ಟೇ. ಎಂಥ ಅನ್ಯಾಯ ನೋಡಿ. ಒಂದು ಪರೀಕ್ಷೆ ಮಾಡಿಸದೆ ಹತ್ತು ವರ್ಷದಿಂದ ಬೆಳಗ್ಗೆ ಕಾಫಿಗೆ ಮುಂಚೆ ಮಾತ್ರೆ ನುಂಗುವವರು ಇವತ್ತಿಗೂ ನಮ್ಮ ನಡುವೆ ಇದ್ದಾರೆ.

ಆ ಮಾತ್ರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಲೆಕ್ಕದ್ದು. ಕೆಲವು ರೋಗಿಗಳಿಗೆ ವೈದ್ಯರೇ ಹೆಚ್ಚು ಕಾಲ ಕೊಡುತ್ತಾರೆ, ಅವರು ಇದನ್ನು ಓದಿ ನಿಲ್ಲಿಸಬಾರದು. ಉಳಿದವರು ಒಂದು ಸಂಗತಿ ಗಮನಿಸಿ. 2009ರಲ್ಲಿ ಡೆನ್ಮಾರ್ಕಿನಲ್ಲಿ ಹೊಟ್ಟೆಯ ಯಾವ ತೊಂದರೆಯೂ ಇಲ್ಲದ 120 ಜನರನ್ನು ಆರಿಸಿ ಒಂದು ಅಧ್ಯಯನ ಮಾಡಿದರು. ಅರ್ಧ ಜನರಿಗೆ ಎಂಟು ವಾರ ಈ ಜಾತಿಯ ಮಾತ್ರೆ, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಉತ್ತುತ್ತ ಮಾತ್ರೆ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನಿಜವಾದ ಮಾತ್ರೆ ತಿಂದವರಲ್ಲಿ ನೂರಕ್ಕೆ 44 ಜನರಿಗೆ ಎದೆ ಉರಿ, ಹುಳಿ ತೇಗು ಕಾಣಿಸಿತು. ಇನ್ನೊಂದು ಗುಂಪಿನಲ್ಲಿ 15 ಜನರಿಗೆ. ತಡೆದಿದ್ದ ಮೋಟಾರು ಬಿಟ್ಟ ಕೂಡಲೇ ಜೋರಾಗಿ ಓಡುತ್ತದೆ. 'ಒಂದು ದಿನ ಮಾತ್ರೆ ಬಿಟ್ಟರೆ ಆಗಲ್ಲ, ನನಗೆ ಗ್ಯಾಸ್ಟ್ರಿಕ್ ಅಷ್ಟು ಜೋರು' ಎನ್ನುವವರ ಉರಿಯಲ್ಲಿ ಮಾತ್ರೆಯ ಪಾಲೂ ಇರಬಹುದು. ಬಿಡುವಾಗ ನಿಧಾನವಾಗಿ, ವೈದ್ಯರನ್ನು ಕೇಳಿ ಬಿಡಬೇಕು ಎನ್ನುವುದು ಅದಕ್ಕೇ. ಹೆಚ್ಚು ಕಾಲ ತಿಂದರೆ ಬಿ12, ಮೆಗ್ನೀಷಿಯಂ ಕೊರತೆಯ ಎಚ್ಚರಿಕೆಯೂ ಇದೆ. ರಾನಿಟಿಡಿನ್ ಕಥೆ ನೆನಪಿರಬಹುದು: 2019ರಲ್ಲಿ ಅದರಲ್ಲಿ ಕ್ಯಾನ್ಸರ್ ತರಬಲ್ಲ ಕಲ್ಮಶ ಸಿಕ್ಕಿತು, 2020ರಲ್ಲಿ ಅಮೆರಿಕ ಅಂಗಡಿಗಳಿಂದ ತೆಗೆಸಿತು, 2022ರಲ್ಲಿ ನಮ್ಮ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಅದರ ಹೆಸರು ಹೋಯಿತು.

ಇನ್ನೊಂದು ಜೋಡಿಯಿದೆ. ಕಳೆ ಕಿತ್ತು, ಮೂಟೆ ಹೊತ್ತು ಬಂದವರು ಮೈಕೈ ನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ ತಗೊಳ್ಳುತ್ತಾರೆ. ಅದು ಹೊಟ್ಟೆಯನ್ನು ಆಮ್ಲದಿಂದ ಕಾಯುವ ಲೋಳೆಪದರವನ್ನು ತೆಳ್ಳಗೆ ಮಾಡುತ್ತದೆ. ಹೊಟ್ಟೆ ಉರಿದಾಗ ಗ್ಯಾಸ್ ಮಾತ್ರೆ. ನೋವಿನ ಮಾತ್ರೆ ನಿಲ್ಲಿಸಿದರೆ ಗ್ಯಾಸ್ ಮಾತ್ರೆಯೇ ಬೇಕಾಗದಿರಬಹುದು ಎಂದು ಕೌಂಟರಿನ ಆಚೆ ನಿಂತವರು ಹೇಳುವುದು ಅಪರೂಪ.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇವೆ. 'ಗ್ಯಾಸ್ಟ್ರಿಕ್' ಎಂಬುದು ಕಾಯಿಲೆಯ ಹೆಸರೇ ಅಲ್ಲ. ಗ್ರೀಕ್ ಭಾಷೆಯಲ್ಲಿ ಹೊಟ್ಟೆಗೆ ಇರುವ ಪದದಿಂದ ಬಂದದ್ದು, 'ಹೊಟ್ಟೆಗೆ ಸಂಬಂಧಿಸಿದ' ಎಂದಷ್ಟೇ ಅರ್ಥ. ಅದರೊಳಗೆ ನಾವು ಅಜೀರ್ಣ, ಹುಣ್ಣು, ಪಿತ್ತಕೋಶದ ಕಲ್ಲು, ಕ್ಯಾನ್ಸರ್, ಕೊನೆಗೆ ಹೃದಯಾಘಾತವನ್ನೂ ತುಂಬಿದ್ದೇವೆ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಎದೆಗುಂಡಿಗೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು. ತೇಗು, ವಾಕರಿಕೆಯೂ ಬರಬಹುದು. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟುವುದು ಆಗಬಹುದು. ತೇಗು ಬಂದು ಸ್ವಲ್ಪ ಹಗುರವಾಯಿತು ಎಂದರೆ ಅದು ಗ್ಯಾಸೇ ಎಂದು ತೀರ್ಮಾನಿಸುವಂತಿಲ್ಲ.

ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ಎಡಗೈ, ದವಡೆ ಅಥವಾ ಬೆನ್ನಿಗೆ ಎಳೆಯುವ ನೋವು, ನಾಲ್ಕು ಹೆಜ್ಜೆ ನಡೆದರೆ ಹೆಚ್ಚಾಗುವುದು ಇದ್ದರೆ ಓಮವೂ ಬೇಡ, ಮಾತ್ರೆಯೂ ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ. 108ಕ್ಕೆ ಫೋನ್ ಮಾಡಿ. ಟಾರಿನಂತೆ ಕಪ್ಪು ಮಲ, ರಕ್ತವಾಂತಿ ಕಂಡರೂ ಅಷ್ಟೇ ಅವಸರ. ಊಟ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಆ ವಾರವೇ ವೈದ್ಯರಿಗೆ ತೋರಿಸಿ. 2023ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಎಂದಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕಿನ ಆಸ್ಪತ್ರೆ ಅದರಲ್ಲಿ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಇಸಿಜಿ ತೆಗೆಯಲು ಹಿಡಿಯುವುದು ಕೆಲವೇ ನಿಮಿಷ.